ರೇಣುಕಾ ತೇಯ್ದ ಹನ್ನೆರಡು ವಾಲ್ವು

ಉಪೇಂದ್ರನ ಬಳಿ ಕಾರಿರಲಿಲ್ಲ. ಸಿಂಗಪುರದಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ತುವಾಸ್‌ನ ಹಡಗು ರಿಪೇರಿ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದವನು ಆ ಆಸೆಗೇ ಹೋಗದೆ ಅಷ್ಟು ವರ್ಷವೂ ಬಸ್ಸು, ಎಂಆರ್‌ಟಿ ರೈಲುಗಳಲ್ಲೇ ಓಡಾಡಿದ. ಹೀಗೆ ಸ್ವಂತಕ್ಕೊಂದು ಕಾರಿಲ್ಲದ ಮನುಷ್ಯ ರೇಸ್ ಕಾರಿಗೆ ಎಂಜಿನ್ ಕಟ್ಟುತ್ತಾನೆ ಎಂದರೆ ಕೇಳಿದವರು ನಗದೆ ಇನ್ನೇನು ಮಾಡಿಯಾರು? ನಕ್ಕರು. ಅವನ ಹೆಂಡತಿ ರೇಣುಕಾ ಎಲ್ಲರಿಗಿಂತ ಹೆಚ್ಚು ನಕ್ಕಳು.

ಆ ಹುಚ್ಚು ಅವನಿಗೆ ಅಪ್ಪನಿಂದ ಬಂದದ್ದು. ಮೈಸೂರಿನ ಯಾದವಗಿರಿಯ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಅಪ್ಪ ಎಂಜಿನ್ ಜೋಡಿಸುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಊಟಕ್ಕೆ ಕೂತಲ್ಲಿಂದಲೇ ಬೀದಿಯಲ್ಲಿ ಹೋಗುವ ಬೈಕಿನ ಸದ್ದು ಕೇಳಿ, ಇದರ ಚೈನು ಸಡಿಲ, ಅದರದ್ದು ರಿಂಗು ಹೋಗಿದೆ ಎಂದು ತೀರ್ಪು ಕೊಡುತ್ತಿದ್ದರು. ಮಗ ಓದಿ ಎಂಜಿನಿಯರಾಗಿ ಹಡಗುಗಳ ದೈತ್ಯ ಎಂಜಿನ್ನುಗಳ ಮಧ್ಯೆ ಬಂದು ಸೇರಿದ. ಆದರೆ ಹಡಗಿನ ಎಂಜಿನ್ನನ್ನು ಒಬ್ಬನೇ ಬಿಚ್ಚಿ ಒಬ್ಬನೇ ಜೋಡಿಸಲು ಆಗುತ್ತದೆಯೇ? ಅಲ್ಲಿ ನೂರು ಜನರ ಕೈ, ನೂರು ಜನರ ಸಹಿ. ಅವನ ಕೈಗಳು ಸಣ್ಣದೊಂದು ಎಂಜಿನ್ನಿಗಾಗಿ ಹಸಿದಿದ್ದವು.

ಆ ಹಸಿವಿಗೆ ಊಟ ಸಿಕ್ಕಿದ್ದು ಮಲೇಷ್ಯಾಕ್ಕೆ ಹೋಗುವ ಕಾಸ್‌ವೇ ಸೇತುವೆ ದಾಟಿದ ಮೇಲೆ. ಜೊಹೊರ್‌ನಲ್ಲಿ ಕೋಟಾ ಟಿಂಗಿಗೆ ಹೋಗುವ ದಾರಿಯ ತಾಳೆತೋಟಗಳ ನಡುವೆ ಒಂದು ಕೆಂಪು ಮಣ್ಣಿನ ಟ್ರ್ಯಾಕ್ ಇತ್ತು. ವರ್ಷಕ್ಕೆ ನಾಲ್ಕೈದು ಸಲ, ಭಾನುವಾರಗಳಲ್ಲಿ, ಗುಜರಿಗೆ ಹೋಗಬೇಕಾದ ಕಾರುಗಳು ಅಲ್ಲಿ ಧೂಳೆಬ್ಬಿಸುತ್ತಾ ಸುತ್ತು ಹೊಡೆಯುತ್ತಿದ್ದವು. ಉಪೇಂದ್ರನನ್ನು ಅಲ್ಲಿಗೆ ಮೊದಲು ಕರೆದೊಯ್ದವನು ವಿಶ್ವಜಿತ್. ಪುಂಗೋಲ್‌ನಲ್ಲಿ ಮನೆ, ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಅವನ ಹೆಂಡತಿ ಬ್ಲೌಸ್ ಹೊಲಿಸಲು ರೇಣುಕಾಳ ಬಳಿ ಬರುತ್ತಿದ್ದಳು. ಹಿಂದೆಯೇ ಬಂದ ಗಂಡ ಸೋಫಾದಲ್ಲಿ ಕೂತು ರೇಸಿನ ಮಾತು ತೆಗೆದ. ಅಳತೆ ಕೊಟ್ಟು ಮುಗಿಸಿದ ಹೆಂಡತಿ ಇನ್ನೂ ಎಷ್ಟು ಹೊತ್ತು ಎಂದು ಕಣ್ಣು ಬಿಡುವಷ್ಟರಲ್ಲಿ ಗಂಡಸರಿಬ್ಬರೂ ಒಂದು ಹಳೆಯ ಪ್ರೋಟಾನ್ ಕಾರನ್ನು ಪಾಲುದಾರಿಕೆಯಲ್ಲಿ ಕೊಳ್ಳುವ ಹಂತಕ್ಕೆ ಬಂದಿದ್ದರು. ಕಾರು ಜೊಹೊರ್‌ನ ಶೆಡ್ಡಿನಲ್ಲಿ ಇರುವುದು, ಎಂಜಿನ್ ಕಟ್ಟುವವನು ಉಪೇಂದ್ರ, ಓಡಿಸುವವನು ವಿಶ್ವಜಿತ್.

ಅವರದ್ದು ಬಡವರ ತರಗತಿ. ಅಲ್ಲಿ ಎಂಜಿನ್ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಇರಬೇಕು. ದುಬಾರಿ ಭಾಗ ಯಾವುದನ್ನೂ ಹಾಕುವಂತಿಲ್ಲ. ಗುಜರಿ ಅಂಗಡಿಯಿಂದ ತಂದ ಎಂಜಿನ್ನನ್ನು ಬಿಚ್ಚಿ, ತೊಳೆದು, ಪಿಸ್ಟನ್ನುಗಳ ತೂಕ ಸಮಮಾಡಿ, ರಿಂಗುಗಳನ್ನು ಕೂರಿಸಿ, ಬರೀ ಕೈಯ ಅಚ್ಚುಕಟ್ಟಿನಿಂದ ಅದರ ಶಕ್ತಿಯನ್ನು ಹೊರತೆಗೆಯಬೇಕು. ಇಷ್ಟಾದರೂ ಯಾವನಾದರೂ ಕದ್ದು ದುಡ್ಡು ಸುರಿದುಬಿಟ್ಟರೆ? ಅದಕ್ಕೂ ಆ ಟ್ರ್ಯಾಕಿನವರು ಒಂದು ಮದ್ದು ಕಂಡುಕೊಂಡಿದ್ದರು. ರೇಸ್ ಮುಗಿದ ಕೂಡಲೇ ಗೆದ್ದ ಕಾರಿನ ಬಾನೆಟ್ಟಿಗೆ ಕೆಂಪು ಟೇಪು ಬೀಳುತ್ತಿತ್ತು. ಗಡುವಿನ ಹಾರನ್ ಕೂಗುವುದರೊಳಗೆ, ಆ ದಿನ ಓಡಿದ ಯಾರೇ ಆಗಲಿ, ಗೊತ್ತುಮಾಡಿದ ಸಣ್ಣ ಬೆಲೆಯನ್ನು ಕವರಿನಲ್ಲಿಟ್ಟು ಮೇಜಿನ ಮೇಲೆ ಹಾಕಿದರೆ ಗೆದ್ದ ಎಂಜಿನ್ ಅವನದು. ಇದಕ್ಕೆ ಕ್ಲೈಮ್ ಎಂದು ಹೆಸರು. ಕೊಡುವುದಿಲ್ಲ ಎಂದವನು ಮತ್ತೆಂದೂ ಆ ಗೇಟಿನೊಳಗೆ ಬರುವಂತಿರಲಿಲ್ಲ. ಕಟ್ಟಿದವನಿಗೆ ನಷ್ಟವೇ, ಆದರೂ ಅಲ್ಲಿಯವರ ಲೆಕ್ಕದಲ್ಲಿ ಎಂಜಿನ್ ಕ್ಲೈಮ್ ಆಗುವುದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ.

ಎಂಜಿನ್ ಅರ್ಧ ಆಗಿದ್ದಾಗ ರೇಣುಕಾಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಔಷಧಿ ಹತ್ತಿಸಿದರು, ಕೂದಲು ಹೋಯಿತು. ಕೂದಲಿಗೆ ಅವಳು ಅಳಲಿಲ್ಲ. ಬೆರಳ ತುದಿಗಳು ಜೋಮು ಹಿಡಿದು ಸ್ಪರ್ಶವೇ ಗೊತ್ತಾಗದ ಹಾಗಾದಾಗ ಅತ್ತಳು. ಸಿಂಗಪುರದ ಕನ್ನಡದ ಹೆಂಗಸರಲ್ಲಿ ಅರ್ಧದಷ್ಟು ಮಂದಿಯ ಬ್ಲೌಸುಗಳು ಆ ಬೆರಳುಗಳಿಂದ ಬಂದಂಥವು. ಈಗ ಸೂಜಿ ಹಿಡಿದರೆ ಹಿಡಿದಿದ್ದೇನೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಇಡೀ ದಿನ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಮಕ್ಕಳಿಲ್ಲದ ಮನೆ, ಕೂತವಳನ್ನು ಎಬ್ಬಿಸುವವರು ಯಾರೂ ಇರಲಿಲ್ಲ.

ಉಪೇಂದ್ರನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಅವನು ಮಾಡಿದ್ದು ಇಷ್ಟು: ಜೊಹೊರ್‌ಗೆ ಹೋಗಿ ಎಂಜಿನ್ನಿನ ತಲೆಭಾಗವನ್ನು, ಅಂದರೆ ಮೆಕ್ಯಾನಿಕ್‌ಗಳು ಹೆಡ್ಡು ಎನ್ನುವುದನ್ನು, ಬಿಚ್ಚಿ ರೇಣುಕಾಳ ತರಕಾರಿ ಟ್ರಾಲಿಯಲ್ಲಿ ಹಾಕಿಕೊಂಡು ಬಂದ. ಗಡಿಯ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟಿನಲ್ಲಿ ಅಧಿಕಾರಿ ಟ್ರಾಲಿ ತೆರೆಸಿ, ಮಾರ್ಕೆಟ್ಟಿನ ಚೀಲದೊಳಗಿನ ಆ ಲೋಹದ ಗಡ್ಡೆಯನ್ನು ನೋಡಿ, ಇವನ ಮುಖವನ್ನೂ ನೋಡಿದ. ಮನೆಗೆ ಬಂದು ಹಾಲಿನಲ್ಲಿ ಹಳೆಯ ಪೇಪರ್ ಹಾಸಿ ಹೆಡ್ಡನ್ನು ಇಟ್ಟ. ಅದರಲ್ಲಿ ಹನ್ನೆರಡು ವಾಲ್ವು. ಗಾಳಿ ಬಿಟ್ಟುಕೊಳ್ಳುವ, ಹೊಗೆ ಹೊರಗೆ ಬಿಡುವ ಪುಟ್ಟ ಮುಚ್ಚಳಗಳು. ಪ್ರತಿಯೊಂದೂ ತನ್ನ ಸೀಟಿನ ಮೇಲೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ನಡುವೆ ಮರಳಿನಂಥ ಪೇಸ್ಟು ಹಚ್ಚಿ, ವಾಲ್ವಿನ ತಲೆಗೆ ಕಡ್ಡಿ ಅಂಟಿಸಿ, ಎರಡು ಅಂಗೈಗಳ ನಡುವೆ ಹೊರಳಿಸುತ್ತಾ ತೇಯಬೇಕು.

"ಮಜ್ಜಿಗೆ ಕಡೆದ ಹಾಗೆ," ಎಂದ. "ಬೆರಳು ಬೇಡ ರೇಣು. ಅಂಗೈ ಸಾಕು."

"ರೀ, ನಂಗೆ ಹುಷಾರಿಲ್ಲ ಅಂತ ಎಲ್ಲರ ಮನೆಯವ್ರು ಎಳನೀರು ತಂದ್ಕೊಡ್ತಾರೆ. ನೀವು ನೋಡಿದ್ರೆ ಗ್ರೀಸು ತಂದಿದೀರಲ್ಲ," ಎಂದಳು ರೇಣುಕಾ. ಅಂದವಳೇ ಕಡ್ಡಿ ತೆಗೆದುಕೊಂಡಳು.

ಮೊದಮೊದಲು ಕರಕರ ಎನ್ನುತ್ತದೆ, ಹೋಗುತ್ತಾ ಹೋಗುತ್ತಾ ನುಣುಪಾಗುತ್ತದೆ, ನುಣುಪಾದದ್ದು ಅಂಗೈಗೇ ತಿಳಿಯುತ್ತದೆ, ತಿಳಿದ ಕೂಡಲೇ ನಿಲ್ಲಿಸಬೇಕು ಎಂದು ಅವನು ಹೇಳಿಕೊಟ್ಟ. ಅವಳು ಕಲಿತಳು. ಹದಿನೈದು ದಿನ ಆ ಮನೆಯಲ್ಲಿ ಒಗ್ಗರಣೆಯ ಜೊತೆ ಸೀಮೆಎಣ್ಣೆಯ ವಾಸನೆ ಸುಳಿದಾಡಿತು. ನೋಡಲು ಬಂದವರಿಗೆ ಅವಳೇ ಎದ್ದು ಕಾಫಿ ಕೊಟ್ಟು, "ಮಕ್ಕಳಿಲ್ಲ ಅಂತ ಎಂಜಿನ್ ಸಾಕ್ಕೊಂಡಿದಾರೆ ಅಂತ ಮಾತ್ರ ಯಾರೂ ಹೇಳ್ಕೂಡ್ದು. ಇದನ್ನ ನಾನು ಕೊಡೋಕೇ ಮಾಡ್ತಿರೋದು," ಎನ್ನುತ್ತಿದ್ದಳು. ಕ್ಲೈಮ್ ಸಂಗತಿ ಕೇಳಿದ ದಿನದಿಂದ ಅವಳಿಗೆ ಅದೊಂದೇ ಗುಂಗು. "ನಾನು ಹೊಲಿದ ಬ್ಲೌಸು ಊರೆಲ್ಲ ಓಡಾಡತ್ತೆ. ಇದೊಂದು ಯಾಕೆ ಮನೇಲಿ ಕೂತಿರ್ಬೇಕು? ಗೆಲ್ಬೇಕು ರೀ. ಯಾರಾದ್ರೂ ಬಂದು, ಇದು ನಂಗೆ ಬೇಕು ಅಂತ ಕೇಳ್ಬೇಕು."

ಸೋಪು ನೀರಿಟ್ಟು ಪರೀಕ್ಷಿಸಿದಾಗ ಹನ್ನೆರಡರಲ್ಲಿ ಒಂದು ವಾಲ್ವೂ ಸೋರಲಿಲ್ಲ. ಉಪೇಂದ್ರ ತನ್ನ ಕಣ್ಣನ್ನೇ ನಂಬದೆ ಮತ್ತೊಮ್ಮೆ ನೋಡಿದ. ಅಂಥ ಕೆಲಸವನ್ನು ಅವನು ತನ್ನ ಯಾರ್ಡಿನಲ್ಲಿಯೂ ಕಂಡಿರಲಿಲ್ಲ.

ಒಬ್ಬ ತಿಳಿವಳಿಕಸ್ಥ ಮನುಷ್ಯ ಪ್ರೀತಿಯ ಹೆಸರಿನಲ್ಲಿ ಎಂಥ ಪೆದ್ದ ಕೆಲಸ ಮಾಡಬಲ್ಲ ಎಂದು ಇನ್ನು ಮುಂದೆ ಹೇಳಬೇಕು. ಮೊದಲ ರೇಸಿನ ದಿನ ಉಪೇಂದ್ರ ಎಂಜಿನ್ ಚಾಲೂ ಮಾಡಿದ. ಅದು ಗುಟುರು ಹಾಕದೆ, ಕೆಮ್ಮದೆ, ಒಂದೇ ಸಮನೆ ಓಡತೊಡಗಿತು. ಇದು ಗೆಲ್ಲುತ್ತದೆ ಎಂದು ಅವನಿಗೆ ಖಾತ್ರಿಯಾಯಿತು, ಖಾತ್ರಿಯಾದ ಕೂಡಲೇ ಹೆದರಿದ. ಗೆದ್ದರೆ ಹೋಗುತ್ತದೆ. ರೇಣುಕಾಳ ಹದಿನೈದು ದಿನ ಯಾವನದೋ ಶೆಡ್ಡಿಗೆ ಹೋಗುತ್ತದೆ. ಡಾಕ್ಟರು ಎರಡು ವರ್ಷ ಕಾದು ನೋಡೋಣ ಎಂದಿದ್ದರು. ಕಾಯಿಲೆ ತಿರುಗಿ ಬಂದರೆ, ಅವಳಿಲ್ಲದೆ ಹೋದರೆ, ತನಗೆ ಏನು ಉಳಿಯುತ್ತದೆ? ಈ ಎಂಜಿನ್ ಕೈಯಲ್ಲಿರುವ ತನಕ ಅವಳಿಗೆ ಏನೂ ಆಗುವುದಿಲ್ಲ ಎಂಬ ಒಂದು ಮೂರ್ಖ ನಂಬಿಕೆಯೂ ಎಲ್ಲಿಂದಲೋ ಬಂದು ಕೂತಿತು. ಕುಂಕುಮ ಹಚ್ಚಿದ ಬಾನೆಟ್ಟಿನ ಮುಂದೆ ನಿಂತು ಅವನು ವಿಶ್ವಜಿತ್‌ಗೆ ಹೇಳಿದ:

"ವಿಶ್ವ, ಕೊನೇ ತಿರುವಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗ್ದ್ಬಿಡು. ಸೆಕೆಂಡ್ ಬಂದ್ರೆ ಸಾಕು."

"ಅಂಕಲ್, ತಮಾಷೆ ಮಾಡ್ತಿದೀರಾ?"

"ಸೆಕೆಂಡ್ ಬಂದ ಎಂಜಿನ್ ಯಾರೂ ಕ್ಲೈಮ್ ಮಾಡಂಗಿಲ್ಲ."

ವಿಶ್ವಜಿತ್ ಬಣ್ಣದ ಛತ್ರಿಯ ಕೆಳಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದ ರೇಣುಕಾಳ ಕಡೆ ನೋಡಿದ. "ಆಂಟಿಗೆ ಏನ್ ಹೇಳ್ತೀರಾ?"

"ಅದು ನಂಗೆ ಬಿಡು."

ಕೊನೆಯ ಸುತ್ತಿನವರೆಗೆ ಅವರ ಕಾರು ಮುಂದಿತ್ತು. ಕೊನೆಯ ತಿರುವಿನಲ್ಲಿ ಹಾಫಿಜ್ ಎಂಬವನ ಬಿಳಿ ಕಾರು ಅದನ್ನು ದಾಟಿತು. ಹಾಫಿಜ್ ಆ ಕಡೆಯ ವೆಲ್ಡಿಂಗ್ ಅಂಗಡಿಯವನು, ಒಳ್ಳೆಯ ಚಾಲಕ. ರೇಣುಕಾ ಕುರ್ಚಿಯಿಂದ ಎದ್ದವಳು ಹಾಗೆಯೇ ಕೂತಳು.

"ಯಾಕ್ರೀ, ಕೊನೇಲಿ ಏನಾಯ್ತು?"

"ಬಿಸಿ ಆಯ್ತು. ಪವರ್ ಬಿದ್ದೋಯ್ತು," ಎಂದ ಉಪೇಂದ್ರ. ಬಾಯಿಗೆ ಬಂದದ್ದನ್ನು ಹೇಳಿದ, ಅಷ್ಟೇ.

ಅವಳು ತನ್ನ ಅಂಗೈ ನೋಡಿಕೊಂಡಳು. "ಬಿಸಿಯಾದಾಗ ಪವರ್ ಬಿದ್ರೆ ವಾಲ್ವು ಸೋರ್ತಿದೆ ಅಂತ ಅಲ್ವಾ? ನೀವೇ ಹೇಳಿದ್ರಿ."

ಹೌದು, ಅವನೇ ಹೇಳಿಕೊಟ್ಟಿದ್ದ. ಅಲ್ಲ ಎನ್ನಲು ಅರೆ ಕ್ಷಣ ಸಾಕಿತ್ತು. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ಇರಬಹುದೇನೋ," ಎಂದ.

ಮುಂದಿನ ವಾರ ಹೆಡ್ಡು ಮತ್ತೆ ತರಕಾರಿ ಟ್ರಾಲಿ ಏರಿ ಬರಬೇಕಾಯಿತು. ಅವಳು ಪಟ್ಟು ಹಿಡಿದಿದ್ದಳು. ಮತ್ತೆ ಪೇಪರ್ ಹಾಸಿ, ಮತ್ತೆ ಪೇಸ್ಟು ಹಚ್ಚಿ, ಹನ್ನೆರಡನ್ನೂ ತೇಯ್ದಳು. ಇದರಿಂದಾಗುವ ನಷ್ಟ ಗೊತ್ತಿದ್ದವನು ಉಪೇಂದ್ರ ಒಬ್ಬನೇ. ಸರಿಯಾಗಿ ಕೂತ ವಾಲ್ವನ್ನು ಮತ್ತೆ ತೇಯ್ದರೆ ಅದು ಉತ್ತಮವಾಗುವುದಿಲ್ಲ. ಒಳ್ಳೆಯ ಲೋಹವೇ ಸವೆದು ಅದರ ಆಯುಷ್ಯ ಕಡಿಮೆಯಾಗುತ್ತದೆ. ಅವಳ ತೋಳು ನೋಯುತ್ತಿತ್ತು. ನಡುನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅವನು ಎದುರಿಗೆ ಕೂತು ಕ್ಯಾರೆಟ್ ತುರಿದುಕೊಡುತ್ತಾ, ಅನ್ನ ಬಸಿಯುತ್ತಾ, ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ. ಹೇಳಿಬಿಡಬೇಕು ಎನ್ನಿಸದೆ ಇರಲಿಲ್ಲ. ಹೇಳಿದರೆ ಮುಂದಿನ ರೇಸು ಗೆಲ್ಲಬೇಕಾಗುತ್ತದೆ. ಅಲ್ಲಿಗೆ ಬಂದು ಅವನ ಬಾಯಿಗೆ ಬೀಗ ಬೀಳುತ್ತಿತ್ತು.

ಹೀಗೆ ಎರಡು ವರ್ಷ. ಪ್ರತಿ ಸಲ ಎರಡನೇ ಸ್ಥಾನ, ಪ್ರತಿ ಸಲ ಕೊನೆಯ ತಿರುವು. ವಿಶ್ವಜಿತ್ ಬೇಸತ್ತು, "ಸಾಕು ಅಂಕಲ್, ಆಂಟಿ ಮುಖ ನೋಡಕ್ಕಾಗ್ತಿಲ್ಲ," ಎಂದ. ರೇಣುಕಾ ಮಾತ್ರ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ನಿಶ್ಚಿಂತಳಾಗಿದ್ದವಳಂತೆ ಟ್ರ್ಯಾಕಿನಲ್ಲೆಲ್ಲ ಓಡಾಡುತ್ತಿದ್ದಳು. ಚಕ್ಕುಲಿಯ ಡಬ್ಬಿ ಹಿಡಿದು ಹಾಫಿಜ್‌ನ ಟೆಂಟಿಗೂ ಹೋಗುತ್ತಿದ್ದಳು, ತನಗೆ ಬರುವಷ್ಟು ಮಲಯ ಭಾಷೆಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದಳು: ಎಂಜಿನ್ ಕಟ್ಟಿದ್ದರಲ್ಲಿ ನಮ್ಮವರ ತಪ್ಪೇನಿಲ್ಲ, ವಾಲ್ವು ತೇಯ್ದವಳು ನಾನು, ನನ್ನ ಕೈಯಲ್ಲಿ ಸ್ಪರ್ಶ ಇಲ್ಲ, ಬಿಸಿಯಾದರೆ ಸೋರುತ್ತದೆ. ಅವರು ಚಕ್ಕುಲಿ ತಿನ್ನುತ್ತಾ ತಲೆಯಾಡಿಸುತ್ತಿದ್ದರು. ಗಂಡನ ಮರ್ಯಾದೆ ಉಳಿಸುವುದಕ್ಕೆ ಅವಳು ಪಡುತ್ತಿದ್ದ ಆ ಕಷ್ಟವನ್ನು ಗಂಡ ದೂರದಲ್ಲಿ ನಿಂತು ನೋಡುತ್ತಿದ್ದ.

ಕಾಯಿಲೆ ತಿರುಗಿ ಬಂತು. ಎಂಜಿನ್ ಅವನ ಕೈಯಲ್ಲೇ ಇತ್ತು, ಆದರೂ ಬಂತು. ಈ ಸಲ ಬೇಗ ಬೇಗ ಎಲ್ಲ ಆಯಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಊಟದ ತಟ್ಟೆಯನ್ನು ಹಾಗೆಯೇ ಪಕ್ಕಕ್ಕೆ ಸರಿಸಿ, ರೇಣುಕಾ ಅವನನ್ನು ಹತ್ತಿರ ಕರೆದಳು.

"ನಿಮ್ಗೊಂದು ಹೇಳ್ಬೇಕು ರೀ. ಬೈಯ್ಬಾರ್ದು."

"ಏನು ಹೇಳು."

"ನುಣುಪಾಗಿದ್ದು ಅಂಗೈಗೆ ಗೊತ್ತಾಗತ್ತೆ ಅಂದಿದ್ರಲ್ಲ. ನಂಗೆ ಒಂದ್ಸಲಾನೂ ಸರಿಯಾಗಿ ಗೊತ್ತಾಗ್ಲಿಲ್ಲ. ಅಂಗೈನೂ ಜೋಮು ಹಿಡಿದಿತ್ತು. ನೀವು ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದ್ರಿ ಅಂತ ಗೊತ್ತಾಗತ್ತೆ ಅಂದೆ. ಕಿವಿಯಲ್ಲಿ ಕೇಳಿ ಕೇಳಿ ಅಂದಾಜಿಗೆ ನಿಲ್ಲಿಸ್ತಿದ್ದೆ. ನಿಮ್ ಎಂಜಿನ್ ಹಾಳ್ ಮಾಡ್ದೆ ನಾನು."

ಆ ಹನ್ನೆರಡು ವಾಲ್ವುಗಳನ್ನು ಅವಳು ಬರೀ ಕಿವಿಯಿಂದ ತೇಯ್ದಿದ್ದಳು, ಒಂದೂ ಸೋರಿರಲಿಲ್ಲ! ಹೇಳಬೇಕಾದ ಮಾತು ಉಪೇಂದ್ರನ ನಾಲಿಗೆಯ ತುದಿಗೇ ಬಂದಿತ್ತು. ಈಗ ಹೇಳಿದರೆ ಎರಡು ವರ್ಷದ ಮೋಸ ತಿಳಿದು ಇಂಥ ಹೊತ್ತಿನಲ್ಲಿ ನೊಂದುಕೊಳ್ಳುತ್ತಾಳೆ, ಸ್ವಲ್ಪ ಚೇತರಿಸಿಕೊಳ್ಳಲಿ, ನಾಳೆ ಸಮಾಧಾನವಾಗಿ ಕೂತು ಹೇಳುತ್ತೇನೆ ಎಂದುಕೊಂಡ. ಅವಳ ಕೈ ತಟ್ಟಿ, "ಹಾಗೇನಿಲ್ಲ, ಮಲಗು ರೇಣು," ಎಂದ. ಅವಳು ಅದನ್ನು ಸಮಾಧಾನದ ಮಾತೆಂದೇ ತಿಳಿದು ನಕ್ಕಳು. ಮಾರನೆಯ ದಿನ ಅವಳಿಗೆ ಎಚ್ಚರವಿರಲಿಲ್ಲ. ಆಮೇಲೆ ಎಚ್ಚರವಾಗಲೇ ಇಲ್ಲ.

ಮಂಡಾಯಿಯ ಚಿತಾಗಾರದಿಂದ ಬಂದ ಮೇಲೆ ತಿಂಗಳುಗಟ್ಟಲೆ ಅವನು ಜೊಹೊರ್ ಕಡೆ ತಲೆ ಹಾಕಲಿಲ್ಲ. ಹೋದಾಗ ಒಂದೇ ನಿಶ್ಚಯ ಮಾಡಿಕೊಂಡು ಹೋದ. ಅವಳು ಕೇಳಿದ್ದೊಂದು, ಅದನ್ನು ನಡೆಸಿಕೊಡಬೇಕು. ಎಂಜಿನ್ ಗೆಲ್ಲಬೇಕು, ಯಾರಾದರೂ ಬಂದು ಇದು ನನಗೆ ಬೇಕು ಎನ್ನಬೇಕು, ತಾನೇ ಬಿಚ್ಚಿ ಅವರ ಕೈಗೆ ಕೊಡಬೇಕು. ಬಿಚ್ಚುವುದಕ್ಕೆ ಬೇಕಾದ ಸ್ಪ್ಯಾನರುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ.

"ಈ ಸಲ ಕಾಲು ತೆಗೀಬೇಡ, ವಿಶ್ವ."

ವಿಶ್ವಜಿತ್ ಹೆಲ್ಮೆಟ್ ಹಾಕಿಕೊಂಡ.

ಬೆಳಿಗ್ಗೆ ಜೋರು ಮಳೆಯಾಗಿ ನಿಂತಿತ್ತು. ಮಣ್ಣು ಒದ್ದೆಯಾಗಿತ್ತು, ಗಾಳಿ ತಣ್ಣಗಿತ್ತು. ಕಾರು ಮೊದಲ ಸುತ್ತಿನಲ್ಲೇ ಮುಂದೆ ಹೋದದ್ದು ಯಾರ ಕೈಗೂ ಸಿಗಲಿಲ್ಲ. ಕೊನೆಯ ತಿರುವಿನಲ್ಲಿ ಎಂಜಿನ್ನಿನ ಸದ್ದು ತಗ್ಗದೆ ಏರುತ್ತಲೇ ಹೋದಾಗ ಉಪೇಂದ್ರ ಎರಡೂ ಕೈಯಲ್ಲಿ ಬೇಲಿ ಹಿಡಿದುಕೊಂಡು ಅತ್ತ. ಗೆದ್ದರು. ವಿಶ್ವಜಿತ್‌ನನ್ನು ಕಪ್ಪು ಕೊಡಲು ಆ ತುದಿಯ ವೇದಿಕೆಗೆ ಕರೆದುಕೊಂಡು ಹೋದರು. ಬಾನೆಟ್ಟಿಗೆ ಕೆಂಪು ಟೇಪು ಬಿತ್ತು.

ಉಪೇಂದ್ರ ಸ್ಪ್ಯಾನರುಗಳ ಗಂಟು ಹಿಡಿದು ಕಾರಿನ ಪಕ್ಕದಲ್ಲಿ ನಿಂತ. ಜನ ಬಂದರು. ಕೈ ಕುಲುಕಿದರು, ಬೆನ್ನು ತಟ್ಟಿದರು, ಆಂಟಿ ಇರಬೇಕಿತ್ತು ಎಂದರು, ಹೋದರು. ಮೇಜಿನ ಮೇಲೆ ಕವರು ಬೀಳಲಿಲ್ಲ. ಹೊತ್ತು ಹೋಗುತ್ತಿತ್ತು. ಸಂಕೋಚ ಪಡುತ್ತಿದ್ದಾರೆ ಎಂದುಕೊಂಡು ಅವನೇ ಹಾಫಿಜ್‌ನ ಟೆಂಟಿಗೆ ಹೋದ. ಅವರಿಬ್ಬರ ನಡುವೆ ನಡೆಯುತ್ತಿದ್ದದ್ದು ಮಲಯ ಬೆರೆತ ಇಂಗ್ಲಿಷು. ಆಡಿದ ಮಾತು ಇಷ್ಟು:

"ಹಾಫಿಜ್, ಎಂಜಿನ್ ಕ್ಲೈಮ್ ಮಾಡಲ್ವಾ? ಹೆಂಡತಿ ನೆನಪು ಅಂತ ಹಿಂದೆಮುಂದೆ ನೋಡಬೇಡ. ನಾನು ಖುಷಿಯಿಂದ ಕೊಡ್ತೀನಿ. ಅವಳಿಗೂ ಅದೇ ಬೇಕಿತ್ತು."

ಹಾಫಿಜ್ ಕೈ ಒರೆಸಿಕೊಂಡು ಎದ್ದು ನಿಂತ. "ಬೇಜಾರು ಮಾಡ್ಕೋಬೇಡಿ ಅಂಕಲ್. ನೆನಪು ಅಂತ ಅಲ್ಲ. ಆ ಎಂಜಿನ್ ಬಿಸಿಯಾದ್ರೆ ಕೈ ಕೊಡತ್ತೆ. ಇಲ್ಲಿ ಎಲ್ಲರಿಗೂ ಗೊತ್ತು. ಇವತ್ತು ಮಳೆ ಬಂತು, ಬಿಸಿ ಆಗ್ಲಿಲ್ಲ, ಗೆದ್ರಿ."

"ಅದರಲ್ಲಿ ಏನೂ ದೋಷ ಇಲ್ಲ. ಯಾವತ್ತೂ ಇರಲಿಲ್ಲ. ಕೊನೇ ತಿರುವಲ್ಲಿ ನಿಧಾನ ಮಾಡು ಅಂತ ನಾನೇ ಹೇಳ್ತಿದ್ದೆ."

ಹಾಫಿಜ್ ಅವನನ್ನು ನೋಡಿದ. ಆ ನೋಟದಲ್ಲಿ ಅನುಮಾನವಿರಲಿಲ್ಲ, ಬರೀ ಕನಿಕರವಿತ್ತು. ಅವನು ಉಪೇಂದ್ರನ ಹೆಗಲ ಮೇಲೆ ಕೈಯಿಟ್ಟ. "ಹೆಂಡತಿ ಹೋದ ಮೇಲೆ ಅವಳ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದು ಅಂತ ಹೇಳ್ತಿದೀರಿ. ನಂಗೆ ಅರ್ಥ ಆಗತ್ತೆ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಹೇಳ್ತಿದ್ದೆ. ಆದ್ರೆ ವಾಲ್ವು ಸೋರತ್ತೆ ಅಂತ ಆಂಟಿನೇ ಈ ಕುರ್ಚಿಯಲ್ಲಿ ಕೂತು ಹೇಳಿದ್ರು. ಆಂಟಿ ಸುಳ್ಳು ಹೇಳೋರಲ್ಲ ಅಂಕಲ್."

ಅವಳು ಸುಳ್ಳು ಹೇಳುವವಳಲ್ಲ ಎಂಬುದು ನಿಜವಾಗಿತ್ತು. ಹಾರನ್ ಕೂಗಿತು. ಅವನು ಕಾರಿನ ಹತ್ತಿರ ಬರುವಷ್ಟರಲ್ಲಿ ಟ್ರ್ಯಾಕಿನ ಹುಡುಗಿಯೊಬ್ಬಳು ಬಾನೆಟ್ಟಿನ ಕೆಂಪು ಟೇಪನ್ನು ಕಿತ್ತು ಉಂಡೆ ಮಾಡುತ್ತಿದ್ದಳು. ಇವನನ್ನು ಕಂಡು ನಕ್ಕು, ಶುಭ ಸುದ್ದಿ ಹೇಳುವವಳ ಹಾಗೆ ಹೇಳಿದಳು:

"ಯಾರೂ ಕೇಳಲಿಲ್ಲ ಅಂಕಲ್. ಎಂಜಿನ್ ನಿಮ್ಮದೇ. ತಗೊಂಡು ಹೋಗಿ."